ಅಂಗಾಲು ನೆಲಕ್ಕೆ ತಾಗುವ ಸೈಕಲ್

ನನ್ನ ಮೊಣಕಾಲುಗಳು ನಡೆಯಲು ಒಪ್ಪುವುದಿಲ್ಲ, ಸೈಕಲ್ ತುಳಿಯಲು ಒಪ್ಪುತ್ತವೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೇನು? ಮೈಭಾರವೆಲ್ಲ ಸೀಟಿನ ಮೇಲೆ ಬೀಳುವುದರಿಂದ ಕೀಲಿಗೆ ತ್ರಾಸಿಲ್ಲ, ತುಳಿಯಿರಿ, ಬೀಳಬೇಡಿ ಅಷ್ಟೆ ಎಂದು ಡಾಕ್ಟರೇ ಹೇಳಿದ್ದರು. ಪುಣೆಯ ಸ್ವಾರಗೇಟದ ಹಿಂದಿನ ನಮ್ಮ ಮನೆಯಿಂದ ಅಕ್ಕನ ಮನೆಗೆ ಗಲ್ಲಿಗಳ ಒಳಗಿಂದ ಹೋದರೆ ಸೈಕಲ್ಲಿಗೆ ದೂರವೇ ಅಲ್ಲ. ನಡೆದು ಹೋಗುವುದು ನನ್ನಿಂದಾಗದು. ಇನ್ನು ರಿಕ್ಷಾದವರು! ಅಷ್ಟು ಹತ್ತಿರದ ಬಾಡಿಗೆ ಎಂದರೆ ಅವರಿಗೆ ಅಪಮಾನ. "ನಾಹೀ ಜಾಣಾರ್", ಬರುವುದಿಲ್ಲ ಎಂದು ಮುಖ ತಿರುಗಿಸಿ ತಂಬಾಕು ತಿಕ್ಕುತ್ತ ಕೂರುತ್ತಾರೆ.

ಅಕ್ಕನಿಗೆ ಮರೆವಿನ ಕಾಯಿಲೆ. ಗಂಡನಿಲ್ಲ, ಮಕ್ಕಳಿಲ್ಲ. ನೋಡಿಕೊಳ್ಳಲು ಒಬ್ಬ ಮರಾಠಿ ಹೆಂಗಸಿದ್ದಾಳೆ, ಮಾವಶಿ ಎಂದು ಕರೆಯುತ್ತೇವೆ. ಆದರೆ ಬೆಳಗಿನ ತಿಂಡಿಯನ್ನು ಅಕ್ಕ ನನ್ನ ಕೈಯಿಂದ ಮಾತ್ರ ತಿನ್ನುತ್ತಿದ್ದಳು. ನಾನು ಬಾಗಿಲು ದೂಡಿದ ಕೂಡಲೇ, "ಬಂದ್ಯಾ? ಎಷ್ಟೊತ್ತು ಮಾಡ್ತಿ ಮಾರಾಯ್ತಿ! ಭಾಳ ಹಸಿವ್ಯಾಗ್ಯಾದ" ಎಂದು ಗದರುತ್ತಿದ್ದಳು. ನಾವು ಹುಟ್ಟಿ ಬೆಳೆದ ಧಾರವಾಡ ಮರೆತಿದ್ದಳು, ತನ್ನ ಗಂಡನ ಹೆಸರು ಮರೆತಿದ್ದಳು, ನನ್ನನ್ನು ಮರೆತಿರಲಿಲ್ಲ. ದಿನಾ ಕಾಣಿಸಿಕೊಳ್ಳುತ್ತಿರಿ, ನಡುವೆ ಬಿಟ್ಟರೆ ನಿಮ್ಮನ್ನೂ ಮರೆತಾರು ಎಂದು ಅವಳ ಡಾಕ್ಟರು ಎಚ್ಚರಿಸಿದ್ದರು. ನಾನು ಬಿಡಲಿಲ್ಲ. ಜ್ವರ ಬಂದಾಗಲೂ ಹೋದೆ.

ನನ್ನ ಹಳೆಯ ಸೈಕಲ್ ಎತ್ತರವಾಗಿತ್ತು. ಇಳಿಯುವಾಗ ಒಂದೆರಡು ಸಲ ಮುಗ್ಗರಿಸಿದೆ. ಬೇರೆಯದು ಕೊಳ್ಳೋಣವೆಂದು ಯಜಮಾನರನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅಲ್ಲಿಯೇ ನನ್ನ ತಲೆ ಕೆಟ್ಟಿತು. ಅಂಗಡಿಯವನು ನನ್ನತ್ತ ತಿರುಗಿಯೂ ನೋಡಲಿಲ್ಲ. "ಸಾಹೇಬ, ನಾತೀಸಾಠೀ ಕಾ?" ಎಂದು ಇವರನ್ನು ಕೇಳಿದ. ಮೊಮ್ಮಗಳಿಗಂತೆ! ನನಗೇ ಎಂದಾಗ, ಈ ವಯಸ್ಸಿನಲ್ಲಿ ಸೈಕಲ್ ಯಾಕೆ, ಮನೆಯಲ್ಲೇ ನಿಂತಲ್ಲಿ ತುಳಿಯುವ ಯಂತ್ರ ಕೊಳ್ಳಿ ಎಂದು ಬುದ್ಧಿ ಹೇಳಿದ. ಅದನ್ನು ತುಳಿದರೆ ನನ್ನ ಅಕ್ಕನ ಮನೆ ಬರುತ್ತದೆಯೇ ಎಂದೆ. ಒಂದೊಂದಾಗಿ ಸೈಕಲ್ಲುಗಳನ್ನು ಹೊರಗೆಳೆದ.

ನನಗೆ ಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ನಡುವೆ ಅಡ್ಡಸರಳಿಲ್ಲದೆ, ಕಾಲು ಎತ್ತದೆ ಒಳಗಿಂದ ದಾಟಿಸಿ ಕೂರುವಂತಿರಬೇಕು. ಸೀಟು ಅಗಲವಾಗಿ, ಕೆಳಗೆ ಸ್ಪ್ರಿಂಗ್ ಇರಬೇಕು. ಹ್ಯಾಂಡಲ್ ನನ್ನ ಕಡೆ ಬಾಗಿರಬೇಕು, ಬೆನ್ನು ಬಗ್ಗಿಸಬಾರದು. ಎಲ್ಲಕ್ಕಿಂತ ಮುಖ್ಯ, ಸೀಟಿನ ಮೇಲೆ ಕೂತಾಗ ಎರಡೂ ಅಂಗಾಲು ಪೂರಾ ನೆಲಕ್ಕೆ ತಾಗಬೇಕು. ಬ್ರೇಕು ಹಿಡಿದೆ, ಕಾಲೂರಿದೆ, ನಿಂತೆ ಎನ್ನುವಂತಿರಬೇಕು. ಒಂದೊಂದನ್ನೇ ಹತ್ತಿ ಇಳಿದು, ಅಂಗಡಿಯವನ ನಿಟ್ಟುಸಿರು ಕೇಳಿಸಿಕೊಂಡೂ ಕೇಳಿಸದಂತಿದ್ದು, ಕಡೆಗೆ ಮುಂದೆ ಬುಟ್ಟಿಯಿದ್ದ ಮೆರೂನ್ ಬಣ್ಣದ ಸಣ್ಣ ಗಾಲಿಯದೊಂದನ್ನು ಆರಿಸಿದೆ. ಇವರೂ ಪಕ್ಕದಲ್ಲೇ ನಿಂತು ತಲೆಯಾಡಿಸಿದರು.

ಆದರೆ ನಮ್ಮಲ್ಲಿ ಗಾಡಿ ಎಂದರೆ ಪಾಡ್ಯದ ದಿನವೇ ಮನೆಗೆ ಬರಬೇಕು. ಯುಗಾದಿ ಪಾಡ್ಯಕ್ಕೆ ಪುಣೆಯ ಅರ್ಧ ಊರು ಹೊಸ ಗಾಡಿಗೆ ಹಾರ ಹಾಕಿಕೊಂಡು ತಿರುಗುತ್ತದೆ. ಸೈಕಲ್ಲಾದರೇನು, ಮುಹೂರ್ತ ಮುಹೂರ್ತವೇ. ಆ ದಿನ ಮುಂಜಾನೆ ಇವರೊಬ್ಬರೇ ಹೋಗಿ ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಹಿಂದಿನ ದಿನವೇ ಹಳೆಯದನ್ನು ಗುಜರಿ ಕೊಳ್ಳುವ ಭಂಗಾರದವನಿಗೆ ಕೊಟ್ಟಾಗಿತ್ತು. ಅದೂ ಇವರದೇ ಅವಸರ.

ಹೊಸ ಸೈಕಲ್ಲಿನ ಗಾಲಿ, ಸೀಟಿಗೆಲ್ಲ ಪ್ಲಾಸ್ಟಿಕ್ ಹೊದಿಕೆ, ಚೆಂಡು ಹೂವಿನ ಹಾರ. ಅದೇ ಮೆರೂನ್ ಬಣ್ಣ, ಅದೇ ಬುಟ್ಟಿ. ನಾನು ಹ್ಯಾಂಡಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದೆ, ಆರತಿ ಎತ್ತಿದೆ. ಇವರು ಕಾಯಿ ಒಡೆದರು. ಆಮೇಲೆ ಹೊದಿಕೆ ಬಿಚ್ಚಿ ಹತ್ತಿ ಕೂತೆ. ಬರೀ ಹೆಬ್ಬೆರಳು ನೆಲಕ್ಕೆ ತಾಗುತ್ತಿತ್ತು. ಸೀಟನ್ನು ಪೂರಾ ಕೆಳಗಿಳಿಸಿದರೂ ಅಷ್ಟೇ. ಗಾಲಿ ದೊಡ್ಡದು!

"ಇದು ಅದಲ್ಲರೀ" ಎಂದೆ.

"ಅಂಗಡ್ಯಾಂವ ಅದಲಾಬದಲಿ ಮಾಡ್ಯಾನ. ಆದ್ರ ಪೂಜಿ ಆಗಿಹೋತಲ್ಲ, ಇನ್ನ ಅಂವ ವಾಪಸ್ ತೊಗೋತಾನೇನು? ಇರ್ಲಿ, ನಾ ಫೋನ್ ಮಾಡ್ತೀನಿ" ಎಂದರು.

ಆ ಫೋನು ದಿನಾ ಆಯಿತು. ಇವತ್ತು ಮಾಲೀಕನಿಲ್ಲ, ನಾಳೆ ಅಂಗಡಿ ಬಂದ್, ನಾಡಿದ್ದು ನೋಡೋಣ ಅಂದಾನ ಎಂದು ಇವರು ಹೇಳುತ್ತ ಬಂದರು. ನಾನು ರಿಕ್ಷಾದವರ ಕಾಲು ಹಿಡಿಯುವುದೊಂದು ಬಾಕಿ. ಅಪರೂಪಕ್ಕೊಬ್ಬ ಒಪ್ಪಿ ನಾನು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿ ಅಕ್ಕ ನಿದ್ದೆಯಲ್ಲಿರುತ್ತಿದ್ದಳು. ಮೊದಮೊದಲು ಮಾವಶಿ ಫೋನಿನಲ್ಲಿ, ಬಾಯಿಯೇ ತೆರೆಯುತ್ತಿಲ್ಲ, ಬೇಗ ಬನ್ನಿ ಎನ್ನುತ್ತಿದ್ದಳು. ಆಮೇಲಾಮೇಲೆ ಆ ಫೋನು ನಿಂತಿತು. ತಿನ್ನುತ್ತಿದ್ದಾಳಲ್ಲ ಎಂದು ಸಮಾಧಾನಪಡಬೇಕಿತ್ತು. ನನಗೆ ಹೆದರಿಕೆಯಾಯಿತು.

ಕಡೆಗೊಂದು ದಿನ ಇವರು ಮಲಗಿದ್ದಾಗ ನಾನೇ ಟೆಂಪೋ ಕರೆಸಿ ಸೈಕಲ್ ಹಾಕಿಸಿಕೊಂಡು ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟವಳೇ ದಬಾಯಿಸಿದೆ. ಅಂಗಡಿಯವನೂ ಕಡಿಮೆಯಿಲ್ಲ, ತಿರುಗಿ ಬಿದ್ದ. ನೀವು ಆರಿಸಿದ್ದನ್ನೇ ತೆಗೆದಿಟ್ಟಿದ್ದೆ, ಬೇಡ, ದೊಡ್ಡದೇ ಕೊಡು ಅಂತ ನಿಮ್ಮ ಸಾಹೇಬರೇ ಹೇಳಿದ್ದು, ಅಜ್ಜಿಗೆ ಎತ್ತರ ಆಗುತ್ತೆ ಅಂದರೂ ಕೇಳಲಿಲ್ಲ ಎಂದ. ಫೋನೇನಾದರೂ ಬಂದಿತ್ತೇ ಎಂದು ಕೇಳಿದೆ. ಒಂದೂ ಇಲ್ಲವಂತೆ.

ಸೈಕಲ್ ಬದಲಿಸಿ ಕೊಡು ಎಂದೆ. ಪೂಜೆಯಾದ ಗಾಡಿ ವಾಪಸ್ ತಗೊಳ್ಳಲ್ಲ, ಅಪಶಕುನ ಎಂದ. ನನ್ನ ಸೆರಗನ್ನೇ ಒದ್ದೆ ಮಾಡಿ, ನಾನೇ ಹಚ್ಚಿದ ಕುಂಕುಮವನ್ನು ಅವನೆದುರೇ ತಿಕ್ಕಿ ತಿಕ್ಕಿ ಒರೆಸಿದೆ. ಗಿರಾಕಿಗಳು ಸುತ್ತ ನೆರೆದರು. ಹಬ್ಬದ ಮನೆಯಲ್ಲಿ ಮಾಡಬಾರದ್ದನ್ನು ಬೀದಿಯಲ್ಲಿ ನಿಂತು ಮಾಡಿದೆ, ಒಂದಿಷ್ಟೂ ಅಳುಕಲಿಲ್ಲ. ಈ ಪೀಡೆ ತೊಲಗಿದರೆ ಸಾಕೆಂದು ಅವನು ಬದಲಿಸಿ ಕೊಟ್ಟ. ಸಣ್ಣ ಗಾಲಿಯದನ್ನು ತುಳಿದುಕೊಂಡೇ ಮನೆಗೆ ಬಂದೆ.

ಇವರು ವರಾಂಡದಲ್ಲಿ ಪೇಪರು ಹಿಡಿದು ಕೂತಿದ್ದರು. ಸೈಕಲ್ ಕಂಡ ಕೂಡಲೇ ಮುಖ ಸಪ್ಪಗಾಯಿತು.

"ಬೇಕಂತನ ದೊಡ್ಡದು ತಂದ್ರೇನು?"

"ಬಿದ್ರ ನಿನ್ನ ಯಾರ ಎತ್ತವರು?"

"ಸುಳ್ಳು ಹೇಳಬ್ಯಾಡ್ರಿ. ಬೀಳೂ ಅಂಥಾದ್ದನ್ನs ತಂದ್ರಲ್ಲ!"

ಇವರು ಪೇಪರನ್ನು ಮೂಗಿನ ಹತ್ತಿರ ತಂದುಕೊಂಡರು. ಕಣ್ಣಿನ ಪೊರೆಯ ದೆಸೆಯಿಂದ ಹೋದ ವರ್ಷ ಸ್ಕೂಟರು ಮಾರಿದ ಮೇಲೆ ಇವರು ಗೇಟು ದಾಟುವುದೇ ಅಪರೂಪವಾಗಿತ್ತು. ಆಮೇಲೆ ಪೇಪರು ಬಿಸಾಕಿ ಕೂಗಿದರು. "ಹೌದು, ಬೇಕಂತನ ತಂದೆ! ದಿನಾ ಮುಂಜಾನೆ ಎದ್ದು ನೀ ಹೋಗಿಬಿಡ್ತಿ. ನಾ ಗ್ವಾಡಿ ನೋಡ್ಕೋಂತ ಕೂಡ್ಬೇಕೇನು? ನಿನಗ ಅಕ್ಕ ಒಬ್ಬಾಕಿನs ಇರೂದು?"

ಕೇಳಿದವರಿಗೆ ಅಯ್ಯೋ ಅನ್ನಿಸಬಹುದು. ನನಗನ್ನಿಸಲಿಲ್ಲ. ಬೇಸರವಾಗಿದ್ದರೆ ಬಾಯಿ ಬಿಟ್ಟು ಹೇಳಬೇಕಿತ್ತು, ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ.

ಮರುದಿನ ಮುಂಜಾನೆ ಬಿಸಿ ಉಪ್ಪಿಟ್ಟಿನ ಡಬ್ಬಿಯನ್ನು ಬುಟ್ಟಿಯಲ್ಲಿಟ್ಟು ಹೊರಟೆ. ಸೈಕಲ್ಲು ಬೆಣ್ಣೆಯ ಹಾಗೆ ಹೋಯಿತು. ಪ್ರತಿ ತಿರುವಿನಲ್ಲೂ ಅಂಗಾಲೂರಿ ನಿಂತು ನೋಡಿಕೊಂಡು ಹೋದೆ. ಬಾಗಿಲು ದೂಡಿದೆ. ಅಕ್ಕ ಮಂಚದ ಮೇಲೆ ಕೂತಿದ್ದಳು, ಮಾವಶಿ ತಟ್ಟೆ ಹಿಡಿದಿದ್ದಳು. ಅಕ್ಕ ನನ್ನನ್ನು ನೋಡಿದಳು, ಸೆರಗು ಸರಿ ಮಾಡಿಕೊಂಡಳು.

"ಯಾ, ಬಸಾ. ಕೋಣ್ ಪಾಹಿಜೇ ತುಮ್ಹಾಲಾ?"

ಬನ್ನಿ, ಕೂತುಕೊಳ್ಳಿ, ಯಾರು ಬೇಕಾಗಿತ್ತು. ಇಷ್ಟು ವರ್ಷ ಈ ಊರಿನಲ್ಲಿ ಹೊರಗಿನವರ ಜೊತೆ ಮರಾಠಿ, ನಾವು ನಾವೇ ಇದ್ದಾಗ ಕನ್ನಡ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅಕ್ಕ ನನ್ನ ಜೊತೆ ಮರಾಠಿ ಆಡಿದವಳಲ್ಲ.

"ಅಕ್ಕಾ, ನಾನs ಬಂದೀನಿ" ಎಂದೆ. ಅವಳು ಸಂಕೋಚದಿಂದ ನಕ್ಕು, ಮಾವಶಿಯ ಕಡೆ ತಿರುಗಿ ಬಾಯಿ ತೆರೆದಳು.

ಈಗಲೂ ದಿನಾ ಹೋಗುತ್ತೇನೆ. ಅಕ್ಕ ದಿನಾ ನನ್ನನ್ನು ಮರ್ಯಾದೆಯಿಂದ ಕುರ್ಚಿಯ ಮೇಲೆ ಕೂರಿಸುತ್ತಾಳೆ. ಇವರನ್ನು ನಾನು ಕ್ಷಮಿಸಿಲ್ಲ.