ಪೆರಂಬೂರಿನ ಆ ಶೆಡ್ಡು, ನನ್ನ ತಮ್ಮನ ಜಿಮ್ಮು

ನಿಲ್ಲುವ ಭಂಗಿ ತಿದ್ದಲು ಮಾಸ್ಟರ್ ಬೆನ್ನಿನ ಮೇಲೆ ಕೈ ಇಟ್ಟಿದ್ದೇ ತಡ, ನನ್ನ ತಮ್ಮ ಶ್ರೀಧರ ಕಿರುಚಿಕೊಂಡು ಜಿಮ್‌ನಿಂದ ಹೊರಗೆ ಓಡಿಬಿಟ್ಟ.

ಬೀದಿಯ ತಿರುವಿನವರೆಗೂ ನಾನು ಅವನ ಹಿಂದೆ ಓಡಿದೆ. ತೊಂಬತ್ತರ ದಶಕದ ಕೊನೆ, ಚೆನ್ನೈಯ ಪೆರಂಬೂರು. ಅವನಿಗೆ ಆಗಲೇ ಇಪ್ಪತ್ತು ದಾಟಿತ್ತು.

ಶ್ರೀಧರನಿಗೆ ಆಟಿಸಂ. ಈ ಪದವನ್ನು ನಮಗೆ ಯಾವ ಡಾಕ್ಟರೂ ಹೇಳಲಿಲ್ಲ; ಲೈಬ್ರರಿಯ ಪುಸ್ತಕದಲ್ಲಿ ಓದಿ ನಾನೇ ಅವರಿಗೆ ಹೇಳಿದೆ. ‘ಬುದ್ಧಿಮಾಂದ್ಯ’ ಎಂದು ಬರೆದುಕೊಟ್ಟಿದ್ದ ಡಾಕ್ಟರ್ ನಕ್ಕರು. ಆ ನಗುವನ್ನು ನಾನಿನ್ನೂ ಮರೆತಿಲ್ಲ, ಮರೆಯುವುದೂ ಇಲ್ಲ.

ತಮ್ಮನಿಗೆ ಒಂದು ಅಭ್ಯಾಸವಿತ್ತು. ಸಂಜೆಯಾದರೆ ಮನೆಯ ಕಬ್ಬಿಣದ ಬೀರುವನ್ನು ಈ ಗೋಡೆಯಿಂದ ಆ ಗೋಡೆಗೆ ತಳ್ಳುತ್ತಿದ್ದ. ತಳ್ಳಿದ ಮೇಲೆ ಅವನ ಮುಖ ತಿಳಿಯಾಗುತ್ತಿತ್ತು. ಕೆಳಗಿನ ಮನೆಯವರ ಮುಖ ಕೆಂಪಾಗುತ್ತಿತ್ತು.

ಭಾರ ಕೇಳುವ ಮೈಗೆ ಭಾರವನ್ನೇ ಕೊಡೋಣ ಎಂದು ಅವನನ್ನು ಜಿಮ್‌ಗೆ ಕರೆದುಕೊಂಡು ಹೋಗಿದ್ದೆ.

ಜಿಮ್ ಎಂದರೆ ಆಸ್ಬೆಸ್ಟಾಸ್ ಶೀಟಿನ ಒಂದು ಶೆಡ್ಡು. ಗೋಡೆಯಲ್ಲಿ ಆಂಜನೇಯನ ಪಟ, ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ, ಒಳಗೆ ಎಲ್ಲರೂ ಬರಿಗಾಲು. ಕಬ್ಬಿಣದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ...

ಮಾರನೆಯ ದಿನ ನಾನೊಬ್ಬಳೇ ಹೋಗಿ, ಅವನನ್ನು ಮುಟ್ಟದೆ ಕಲಿಸಿ ಎಂದು ಕೇಳಿಕೊಂಡಾಗ ಮಾಸ್ಟರ್ ತಮಿಳಿನಲ್ಲಿ ಹೇಳಿದರು, “ಮುಟ್ಟದೆ ಹೇಗಮ್ಮ ಹೇಳಿಕೊಡೋದು? ಕಾಲು ತಪ್ಪಾಗಿ ಇಟ್ಟು ಭಾರ ಎತ್ತಿದ್ರೆ ಸೊಂಟ ಹೋಗುತ್ತೆ. ಬೇಡ.”

“ಬಿಡೇ ಆ ಜಿಮ್ಮು ಗಿಮ್ಮೆಲ್ಲ, ಎಲ್ಲಾರೂ ನಿಂತು ತಮಾಷೆ ನೋಡೋ ಹಾಗೆ ವೇಡಿಕ್ಕೆ ನೋಡ್ತಾರೆ” ಎಂದಳು ಅಮ್ಮ. ಆದರೆ ಎದ್ದವಳೂ ಅವಳೇ. “ಮುಟ್ಟಬಾರ್ದು, ಅಷ್ಟೇ ತಾನೆ? ಕಾಲು ಎಲ್ಲಿಡ್ಬೇಕೂಂತ ನಾ ಬರ್ದು ತೋರಿಸ್ತೀನಿ. ರಂಗೋಲಿ ಡಬ್ಬ ಎಲ್ಲಿ?”

ಆ ಸಂಜೆ ಶ್ರೀಧರನನ್ನೂ ಕರೆತಂದು, ಶೆಡ್ಡಿನಲ್ಲಿ ಅಷ್ಟೂ ಗಂಡಸರ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಕೂತು ಅಮ್ಮ ಎರಡು ಪಾದ ಬರೆದಳು. ಗೋಕುಲಾಷ್ಟಮಿಗೆ ಬಾಗಿಲಿಂದ ದೇವರ ಮನೆಯವರೆಗೆ ಬರೆಯುವ ಕೃಷ್ಣನ ಪಾದ ಬಿಟ್ಟರೆ ಬೇರೆ ಪಾದ ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅದನ್ನೇ ದೊಡ್ಡದಾಗಿ, ಬೆರಳಿನ ಚುಕ್ಕಿಗಳ ಸಮೇತ ಬರೆದಳು.

“ಬಾ ಕಂದ, ಅದರ ಮೇಲೆ ನಿಂತ್ಕೋ.”

ಶ್ರೀಧರ ಅಲ್ಲಾಡಲಿಲ್ಲ. “ತುಳೀಬಾರ್ದು. ಕೃಷ್ಣ.”

ಹಾಗೆಂದು ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದ್ದವಳೇ ಅಮ್ಮ. ಒಮ್ಮೆ ಕಲಿತ ನಿಯಮವನ್ನು ನಮ್ಮ ಅನುಕೂಲಕ್ಕೆ ಸಡಿಲಿಸುವವನಲ್ಲ ನನ್ನ ತಮ್ಮ. ಅಮ್ಮ ನಾಲಿಗೆ ಕಚ್ಚಿಕೊಂಡಳು.

ಅವನು ಪಾದಗಳನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಅವುಗಳ ಹಿಂದೆ ಹೋಗಿ, ಅಷ್ಟೇ ಅಗಲಕ್ಕೆ, ಅಷ್ಟೇ ಓರೆಯಾಗಿ ತನ್ನ ಕಾಲನ್ನು ಊರಿದ.

ಮಾಸ್ಟರ್ ಸುತ್ತು ಹಾಕಿ ನೋಡಿದರು. “ಕರೆಕ್ಟ್! ಹಾಗೇ ನಿಲ್ಲು ತಂಬಿ. ಕೃಷ್ಣ ಮುಂದೆ, ನೀನು ಹಿಂದೆ.”

“ಏನು ಮಾಸ್ಟರ್, ನಮಗೆ ನೀವು, ಅವನಿಗೆ ಮಾತ್ರ ಕೃಷ್ಣನೇ ಕೋಚಾ?” ಎಂದ ಡಂಬೆಲ್ ಹಿಡಿದಿದ್ದವನೊಬ್ಬ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಶ್ರೀಧರ ನಗಲಿಲ್ಲ, ಆದರೆ ಓಡಿಯೂ ಹೋಗಲಿಲ್ಲ.

ಆಮೇಲೆ ಅವನನ್ನು ಯಾರೂ ಮುಟ್ಟಲಿಲ್ಲ. ರಂಗೋಲಿ ಅಳಿದಾಗಲೆಲ್ಲ ಅಮ್ಮ ಹೋಗಿ ಮತ್ತೆ ಬರೆದು ಬರುತ್ತಿದ್ದಳು. ಅಷ್ಟು ದೊಡ್ಡ ಮೈಯ ಗಂಡಸರು ಆ ಪಾದಗಳನ್ನು ತುಳಿಯದೆ ಸುತ್ತಿಕೊಂಡು ಓಡಾಡುತ್ತಿದ್ದರು.

ಬರೀ ಕೋಲಿನಿಂದ ಶುರುವಾಗಿ, ನಿಧಾನಕ್ಕೆ ಕಬ್ಬಿಣದ ಬಾರ್, ಆಮೇಲೆ ಅದಕ್ಕೆ ಪ್ಲೇಟು. ಮೆಟ್ಟಿಲಿಳಿಯಲು ಗೋಡೆ ತಡವುತ್ತಿದ್ದವನು ಕೈಬೀಸಿಕೊಂಡು ಇಳಿಯತೊಡಗಿದ. ನಿದ್ದೆ ಬಂತು. ಬೀರು ತನ್ನ ಜಾಗದಲ್ಲೇ ಉಳಿಯಿತು.

ಆಟಿಸಂ ವಾಸಿಯಾಯಿತು ಎಂದು ನಾನು ಹೇಳುತ್ತಿಲ್ಲ. ಅದು ವಾಸಿಯಾಗಬೇಕಾದ ಕಾಯಿಲೆಯೂ ಅಲ್ಲ. ತನ್ನ ಮೈಯೊಳಗೆ ಅವನು ನೆಮ್ಮದಿಯಾಗಿದ್ದ, ಅಷ್ಟೇ.

ಚೆನ್ನೈಯಲ್ಲಿ ನೀರಿಲ್ಲದ ಆ ಬೇಸಿಗೆಗಳು ನೆನಪಿವೆಯೇ? “ಶ್ರೀ, ಲಾರಿ ವಂದಾಚ್ಚು ಪಾ!” ಎಂದು, ನೀರಿನ ಲಾರಿ ಬಂದ ಕೂಡಲೇ, ಕೆಳಗಿನ ಮನೆಯ ಮಾಮಿ ಕೂಗುತ್ತಿದ್ದರು. ಒಂದೊಂದು ಕೈಯಲ್ಲೂ ತುಂಬಿದ ಕೊಡ ಹಿಡಿದು ಅವನು ಎಲ್ಲರ ಮನೆಗೂ ನೀರು ಏರಿಸುತ್ತಿದ್ದ. ಇವನನ್ನು ಯಾವುದಾದರೂ ಹೋಮ್‌ಗೆ ಸೇರಿಸಿಬಿಡಿ ಎಂದಿದ್ದವರೂ ಅದೇ ಮಾಮಿ!

ಆಮೇಲೆ ಶೆಡ್ಡಿದ್ದ ಜಾಗ ಮಾರಾಟವಾಯಿತು, ಫ್ಲ್ಯಾಟ್ ಎದ್ದಿತು. ಮಾಸ್ಟರ್ ಅಂಬತ್ತೂರಿನ ಮಗಳ ಮನೆಗೆ ಹೋದರು.

ಮೇನ್ ರೋಡಿನ ಹೊಸ ಏಸಿ ಜಿಮ್‌ಗೆ ಕರೆದುಕೊಂಡು ಹೋದೆ. ಗಾಜಿನ ಬಾಗಿಲು ತೆಗೆದರೆ ಎದೆಗೆ ಗುದ್ದುವ ಹಾಡು. ಶ್ರೀಧರ ಕಿವಿ ಮುಚ್ಚಿಕೊಂಡು ಹೊಸ್ತಿಲಲ್ಲೇ ಕುಸಿದು ಕೂತ.

ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಒಂದು ಗಂಟೆ ಹಾಡು ನಿಲ್ಲಿಸುತ್ತೀರಾ ಎಂದು ಕೇಳಿದೆ. “ಮ್ಯೂಸಿಕ್ ಇಲ್ದೆ ಜಿಮ್ ಮೂಡೇ ಬರಲ್ಲ ಮೇಡಂ. ಇವರಿಗೆ ಸ್ಪೆಷಲ್ ಸ್ಕೂಲ್ ಇರುತ್ತಲ್ಲ, ಅಲ್ಲಿ ಟ್ರೈ ಮಾಡಿ” ಎಂದ ಮ್ಯಾನೇಜರ್.

ಮೂವತ್ತು ದಾಟಿದ ಗಂಡಸಿಗೆ ಸ್ಕೂಲು! ‘ಎಲ್ಲರಿಗೂ ಫಿಟ್ನೆಸ್’ ಎಂದು ಗೋಡೆ ತುಂಬ ಬರೆಸಿಕೊಂಡವರಿಗೆ ಒಂದು ಸ್ವಿಚ್ ಒತ್ತುವುದು ಇಷ್ಟು ಕಷ್ಟವೇ?

ಮನೆಗೇ ಡಂಬೆಲ್ ತಂದುಕೊಟ್ಟೆ, ಮುಟ್ಟಲಿಲ್ಲ. ಪಕ್ಕದಲ್ಲಿ ಏದುಸಿರು ಬಿಡುತ್ತಾ ಭಾರ ಎತ್ತುವ ನಾಲ್ಕು ಜನ ಬೇಕು ಅವನಿಗೆ. ಮಾತಾಡಿಸದಿದ್ದರೂ ಅವನ ಜಾಗವನ್ನು ಅವನಿಗೆ ಬಿಟ್ಟುಕೊಡುವ ಜನ.

ಈಗ ಮತ್ತೆ ನಿದ್ದೆಯಿಲ್ಲ. ತೋಳು ಸೊರಗಿದೆ. ಸಂಜೆ ಐದಾದರೆ ಬಾಲ್ಕನಿಯಲ್ಲಿ ಬರಿಗಾಲಲ್ಲಿ ನಿಲ್ಲುತ್ತಾನೆ, ಬರಿಗೈಯಲ್ಲಿ ಕೂತು ಏಳುತ್ತಾನೆ. ಥೇಟ್ ಮಾಸ್ಟರ್ ದನಿಯಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಾನೆ, “ಇನ್ನೊಣ್ಣು ತಂಬಿ... ಇನ್ನೊಣ್ಣು...”

ಆಮೇಲೆ ಬಂದು ನನ್ನ ಚಪ್ಪಲಿಯನ್ನು ನನ್ನ ಕಾಲ ಬಳಿ ತಂದಿಡುತ್ತಾನೆ, ಹೊರಡು ಎನ್ನುವಂತೆ. ಎಲ್ಲಿಗೆ ಹೊರಡಲಿ?

ಚೆನ್ನೈಯ ಗೆಳೆಯರೇ, ಎಷ್ಟೇ ದೂರವಿರಲಿ, ದಿನಕ್ಕೊಂದು ಗಂಟೆ ಹಾಡು ನಿಲ್ಲಿಸುವ ಜಿಮ್ ನಿಮಗೆ ಯಾರಿಗಾದರೂ ಗೊತ್ತೇ?