ಟವೆಲಿನ ಕೆಳಗಿನ ಬೆರಳು

ತೆರಕಣಾಂಬಿ ಸಂತೆಯಲ್ಲಿ ನಾವು ದಲ್ಲಾಳಿಗಳು ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವೆಲ್ ಮುಚ್ಚಿ ಒಬ್ಬರ ಬೆರಳನ್ನು ಇನ್ನೊಬ್ಬರು ಅದುಮುತ್ತೇವೆ; ಯಾವ ಬೆರಳು ಎಂಬುದರಲ್ಲೇ ಬೆಲೆ. ಹೋದ ಚಳಿಗಾಲ, ಜೊತೆಯ ದಲ್ಲಾಳಿ ಮಾದಪ್ಪ ನನ್ನ ಉಂಗುರದ ಬೆರಳು ಅದುಮಿದ.

ಕಿರುಚಿಬಿಟ್ಟೆ.

ಬೆಲೆಗೇ ನಾನು ಹೌಹಾರಿದೆನೆಂದು ತಿಳಿದ ಎತ್ತಿನವನು, ಅವಮಾನವಾಯಿತೆಂದು ಹಗ್ಗ ಹಿಡಿದು ಹೊರಟೇಹೋದ.

“ಯಾಪಾರ ಕೆಡುಸ್ಬುಟ್ಟಲ್ಲೋ! ಬ್ಯಾಡ ಅಂದಿದ್ರೆ ಸಾಕಾಗಿತ್ತು ಕಣ್ಲಾ,” ಎಂದು ಮಾದಪ್ಪ ಬೈದ.

ಗಾಯವಿಲ್ಲ. ಊತವಿಲ್ಲ. ಉಗುರಿನ ಕೆಳಗೆ ಒಂದಿಷ್ಟು ನೀಲಿ, ಅದೂ ಬೆಳಕಿಗೆ ಹಿಡಿದರೆ ಮಾತ್ರ. ತಣ್ಣೀರು ಸೋಕಿದರೆ ನೋವು ಮೊಣಕೈವರೆಗೆ ಓಡುತ್ತಿತ್ತು. ಗುಂಡ್ಲುಪೇಟೆಯ ಡಾಕ್ಟರು ಉಗುರುಸುತ್ತು ಎಂದು ಮಾತ್ರೆ ಕೊಟ್ಟರು. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಕೆಮ್ಮಿದರೆ ಟಿಬಿ, ತಲೆ ನೋವಾದರೆ ಮೆದುಳಿನ ಗಡ್ಡೆ ಎಂದು ಹೆದರಿಸಿದವನು ನಾನು. ನಿಜವಾದ ನೋವು ಬಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ.

“ಉಗುರ್ಗೇ ಇಂಗ್ ಬಡ್ಕತೀಯಲ್ಲ, ಎರ್ಗೆ ಬ್ಯಾನೆ ಬಂದಿದ್ರೆ ಏನ್ ಮಾಡ್ತಿದ್ದೆ?” ಎಂದಳು ಹೆಂಡತಿ ಗೌರಮ್ಮ. ಆದರೂ ಮರುದಿನದಿಂದ ನನಗೆ ಕೈ ತೊಳೆಯಲು ಬಿಸಿನೀರು ಇಡತೊಡಗಿದಳು.

ಹೊಸದಾಗಿ ಜಿಲ್ಲೆಯಾದ ಚಾಮರಾಜನಗರದ ಸರ್ಜನ್, ಗುಂಡುಪಿನ್ನಿನ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತಿದರು. ಒಂದು ಕಡೆ ಒತ್ತಿದಾಗ ಕುರ್ಚಿಯಿಂದ ಎಗರಿದೆ. ಅವರಿಗೆ ಖುಷಿಯಾಯಿತು.

“ಗ್ಲೋಮಸ್ ಟ್ಯೂಮರ್. ಉಗುರಿನಡಿಯ ಪುಟ್ಟ ಗಡ್ಡೆ. ಅಪರೂಪದ್ದು. ಕ್ಯಾನ್ಸರ್ ಅಲ್ಲ ಅನ್ಸುತ್ತೆ. ತೆಗೆದು ಬಯಾಪ್ಸಿಗೆ ಕಳಿಸೋಣ.”

ನನಗೆ ಕೇಳಿಸಿದ್ದು ಟ್ಯೂಮರ್ ಮಾತ್ರ.

“ಬೆರಳು ತೆಗೀತೀರಾ ಸಾರ್?”

“ಉಗುರು ಮಾತ್ರ. ಅದು ಮತ್ತೆ ಬೆಳೆಯುತ್ತೆ.”

ನಂಬಿಕೆ ಬರಲಿಲ್ಲ. ಊರಿಗೆ ವಾಪಸಾಗುವ ಬಸ್ಸಿನಲ್ಲಿ, ಬೆರಳಿಲ್ಲದ ಕೈಯನ್ನು ಟವೆಲಿನೊಳಗೆ ಚಾಚಿದಂತೆ ಕಲ್ಪಿಸಿಕೊಂಡೆ. ಎದುರಿನವನು ಉಂಗುರದ ಬೆರಳಿಗಾಗಿ ತಡಕಾಡುತ್ತಾನೆ, ಸಿಗದೆ ಕೈ ಎಳೆದುಕೊಳ್ಳುತ್ತಾನೆ. ಮುಂದಿನ ಸಂತೆಯಲ್ಲಿ ಬೇರೆ ದಲ್ಲಾಳಿಯನ್ನು ಕರೆಯುತ್ತಾನೆ.

ಮುಂದಿನ ವಾರ ಬೆರಳಿಗಷ್ಟೇ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದರು. ಹೊರತೆಗೆದದ್ದನ್ನು ಬಟ್ಟೆಯ ಮೇಲಿಟ್ಟು ತೋರಿಸಿದರು. ರಾಗಿಕಾಳಿಗಿಂತ ಕೊಂಚ ದಪ್ಪ. ಇಷ್ಟಕ್ಕೆ ಇಷ್ಟು ರಂಪ ಮಾಡಿದೆನಾ ಎಂದು ನಾಚಿಕೆಯಾಯಿತು. ರಿಪೋರ್ಟಿಗೆ ಕಾಯುತ್ತ ಆ ನಾಚಿಕೆಯೂ ಹೋಗಿ ಭಯವೊಂದೇ ಉಳಿಯಿತು.

ರಿಪೋರ್ಟ್ ಒಳ್ಳೆಯದೇ ಬಂತು. ಮತ್ತೆ ಬರಬಹುದೇ ಎಂದು ಕೇಳಿದೆ. ಅಪರೂಪಕ್ಕೆ ಎಂದರು ಸರ್ಜನ್. ಮೊದಲು ಬಂದದ್ದೂ ಅಪರೂಪದ್ದೇ ತಾನೆ?

ಉಗುರು ಕೊಂಚ ಸೊಟ್ಟಗೆ ಬೆಳೆದಿದೆ. ಮೊನ್ನೆ ಸಂತೆಯಲ್ಲಿ ಮಾದಪ್ಪನ ಕೈ ಟವೆಲಿನ ಕೆಳಗೆ ನನ್ನ ಬೆರಳುಗಳ ಮೇಲೆ ಸರಿಯಿತು. ಉಂಗುರದ ಬೆರಳಿನ ಹತ್ತಿರ ಬಂದು ನಿಂತಿತು.

“ಇಡ್ಕಳಲಾ,” ಎಂದೆ.

ಅದುಮಿದ. ಕಣ್ಣು ಮುಚ್ಚಿ ಕಾದೆ. ನೋವು ಬರಲೇ ಇಲ್ಲ.

“ಏನ್ಲಾ, ಬೆಲೆ ಒಪ್ಗೆನಾ?”

ಅವನು ಬೆರಳಲ್ಲಿ ಹೇಳಿದ ಬೆಲೆಯನ್ನು ನಾನು ಗಮನಿಸಿಯೇ ಇರಲಿಲ್ಲ.

“ಇನ್ನೊಂದ್ಸಲ ಅದುಮು,” ಎಂದೆ.