ಹೊಳೆ ದಾರಿ ಬಿಟ್ಟ ಊರು

ನಮ್ಮ ಊರಿನ ಇತಿಹಾಸ ಬರೆದವಳು ನಾನು. ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ.

ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಕೃಷ್ಣೆಯ ಆಚೆ ದಂಡೆಯ ನಲವತ್ತು ಮನೆಗಳ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಆಗಷ್ಟೇ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ಊರಿಗೆ ಅದರ ಗುರುತೆಂದರೆ ಚಾವಡಿಯ ಗೋಡೆಯಿಂದ ರಾಜರ ಪಟ ಇಳಿದು, ಅಲ್ಲೊಂದು ಬಿಳಿಯ ಚೌಕ ಉಳಿದದ್ದು. ಮಿಕ್ಕಂತೆ ಅದೇ ಗೌಡರು, ಅದೇ ಕುಲಕರ್ಣಿ, ಅದೇ ಹೊಳೆ.

ಹೊಳೆ ದಾಟಲು ಒಂದೇ ದೋಣಿ, ಅದಕ್ಕೊಬ್ಬನೇ ಅಂಬಿಗ. ಮಗ್ಗಕ್ಕೆ ನೂಲು ಬರುವುದು, ನೇಯ್ದ ಸೀರೆ ರಬಕವಿಯ ಪೇಟೆಗೆ ಹೋಗುವುದು, ಬಸುರಿಯರು ತವರು ಸೇರುವುದು, ಎಲ್ಲವೂ ಅವನಿಂದಲೇ. ಸುಗ್ಗಿಯಲ್ಲಿ ಮನೆಗೊಂದು ಬುಟ್ಟಿ ಜೋಳ ಕೊಡುತ್ತಿದ್ದರು, ಅವನ ಸಂಸಾರ ನಡೆಯುತ್ತಿದ್ದುದು ಅದರಲ್ಲಿ. ನಡುಹೊಳೆಯಲ್ಲಿದ್ದಾಗ ಎಲ್ಲರೂ ಅವನನ್ನು ಅಪ್ಪಾ, ಅಣ್ಣಾ ಎನ್ನುತ್ತಿದ್ದರು. ದಂಡೆಗೆ ಕಾಲಿಟ್ಟೊಡನೆ ಲೇ ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಜಮಖಂಡಿಯ ಕಚೇರಿಯಿಂದ ಕಾಗದ ಬಂತು. ನಮ್ಮ ದೋಣಿ, ಕೆಳಗಿನ ಊರಿನ ದೋಣಿ, ಎರಡರಲ್ಲಿ ಒಂದನ್ನು ಮಾತ್ರ ಸರಕಾರ ನಡೆಸುತ್ತದೆ. ಆಯ್ಕೆಯಾದ ಊರಿಗೆ ಹೊಸ ದೋಣಿ, ಅಲ್ಲಿಯ ಅಂಬಿಗನಿಗೆ ಪಗಾರ. ಇನ್ನೊಂದು ಬಂದ್. ನಿಮ್ಮಲ್ಲಿ ಜನ ಎಷ್ಟು ಕಾಲದಿಂದ, ಹೇಗೆ ಹೊಳೆ ದಾಟುತ್ತಿದ್ದಾರೆ ಎಂದು ಊರಿನ ಇತಿಹಾಸ ಬರೆದು ಕೊಡಿ.

ನಮಗೊಂದು ಇತಿಹಾಸವಿದೆಯೆಂದು ಊರಿಗೆ ಗೊತ್ತಾದದ್ದೇ ಅಂದು. ಚಾವಡಿಯಲ್ಲಿ ಹಿರಿಯರು ಸೇರಿದರು. ಕುಲಕರ್ಣಿಯವರಿಗೆ ಮರಾಠಿ ದಫ್ತರದ ಮೋಡಿ ಲಿಪಿ ಬಿಟ್ಟರೆ ಬೇರೆ ಬರವಣಿಗೆ ಬಾರದು, ಹಾಗಾಗಿ ನನ್ನನ್ನು ಕರೆಸಿದರು. ತಲೆಯ ಮೇಲೆ ಸೆರಗು ಹೊದ್ದು ಕಂಬದ ಮರೆಯಲ್ಲಿ ಕೂತೆ.

"ಬರಿ ತಂಗಿ," ಎಂದು ಕುಲಕರ್ಣಿಯವರೇ ಶುರುಮಾಡಿದರು. "ನಮ್ಮ ಮೂಲಪುರುಷರು ಕಾಶಿಯಿಂದ ಬಂದಾಗ ಹೊಳಿ ತುಂಬಿ ಹರೀಲಿಕ್ಕತ್ತಿತ್ತು. ಕಮಂಡಲ ಎತ್ತಿದ್ರು ನೋಡು, ಹೊಳಿ ದಾರಿ ಬಿಡ್ತು."

ಗೌಡರು ಸುಮ್ಮನಿರುವವರೇ? ಅವರ ಮುತ್ತಜ್ಜ ಕುದುರೆಯನ್ನು ಹೆಗಲ ಮೇಲೆ ಹೊತ್ತು ಈಜಿ ಬಂದಿದ್ದನಂತೆ. ಕುದುರೆ ತಾನೇ ಯಾಕೆ ಈಜಲಿಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆಗ ನನ್ನ ಮಾವನವರು ಎದ್ದರು. ನಮ್ಮ ಮನೆತನದ ಹಿರಿಯ ಸೀರೆಯ ಗಂಟು ಹೊತ್ತು ನಡೆದೇ ದಾಟಿದನಂತೆ, ಧೋತರದ ಅಂಚು ಕೂಡ ಒದ್ದೆಯಾಗಲಿಲ್ಲವಂತೆ. ಇದೇ ಮಾವನವರು ದೋಣಿ ಹತ್ತಿದರೆ ಕಣ್ಣು ಮುಚ್ಚಿ ಅಂಬಿಗನ ಕಾಲು ಹಿಡಿದು ಕೂರುತ್ತಿದ್ದರು.

ಬಾಗಿಲ ಬಳಿ ನಿಂತಿದ್ದ ಅಂಬಿಗ ಮೆಲ್ಲಗೆ ಹೇಳಿದ: "ಅವ್ವಾರ, ನಮ್ಮ ಮುತ್ಯಾ ಎಲ್ಲಾರನ್ನೂ ದಾಟಿಸಿದಾ ಅಂತ ಒಂದ ಸಾಲ ಬರೀರಿ."

ಚಾವಡಿ ಕೆರಳಿತು. "ದೋಣ್ಯಾಗ ಕುಂತು ಬಂದ ಮಂದಿ ಅಂದ್ರ ಊರಿನ ಮರ್ಯಾದಿ ಏನ ಉಳೀತಲೇ?" ಎಂದರು ಗೌಡರು.

ಸರಕಾರ ಕೇಳಿದ್ದು ದೋಣಿಯ ವಿಷಯವನ್ನೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಕಾಗದವನ್ನು ಎಲ್ಲರಿಗೂ ಓದಿ ಹೇಳಿದವಳೇ ನಾನು. ಬಾಯಿ ತೆರೆಯುವಷ್ಟರಲ್ಲಿ ಕುಲಕರ್ಣಿಯವರು ಹಾಳೆ ಎತ್ತಿ ಹಿಡಿದು, "ಅಕ್ಷರ ನೋಡ್ರಿ, ಮುತ್ತು ಪೋಣಿಸಿದಂಗವ," ಎಂದರು. ಮದುವೆಯಾದಾಗಿನಿಂದ ನನ್ನ ಮುಖ ನೋಡದ ಮಾವನವರು ಅಂದು ನೋಡಿ ತಲೆದೂಗಿದರು. ನಾನು ಉಬ್ಬಿಹೋದೆ. ಹೊಳೆ ದಾರಿ ಬಿಟ್ಟ ಜಾಗದಲ್ಲಿ "ಆಹಾ, ಏನಾಶ್ಚರ್ಯ!" ಎಂದು ನನ್ನದೂ ಒಂದು ಸೇರಿಸಿದೆ. ದೋಣಿಯ ಸಾಲು ಬರೆಯಲಿಲ್ಲ.

ಹದಿನೈದು ದಿನಕ್ಕೆ ಜಮಖಂಡಿ ಕಚೇರಿಯ ಸಾಹೇಬರು ಬಂದರು, ಅದೇ ಅಂಬಿಗನ ದೋಣಿಯಲ್ಲಿ. ಚಾವಡಿಯಲ್ಲಿ ಕೂತು ಹಾಳೆಗಳನ್ನು ಪೂರಾ ಓದಿದರು.

"ಭಾಳ ಛಲೋ ಬರದೀರಿ. ಒಬ್ಬರಿಗೆ ಹೊಳಿ ದಾರಿ ಬಿಡ್ತದ, ಒಬ್ಬರು ಕುದುರಿ ಹೊತ್ತು ಈಸತಾರ, ಒಬ್ಬರು ನಡಕೋತ ಬರತಾರ. ದೋಣಿ ಹತ್ತಿದವರು ಯಾರೂ ಇಲ್ಲ. ಮತ್ತ ನಿಮಗ ದೋಣಿ ಯಾಕ್ರಿ?"

ಇದೆಲ್ಲ ಸುಳ್ಳೆಂದರೆ ಮುಗಿಯುತ್ತಿತ್ತು. ಆದರೆ ಯಾರ ಮುತ್ತಜ್ಜ ಮೊದಲು ಸುಳ್ಳಾಗಬೇಕು? ಕೆಳಗಿನ ಊರಿನವರು ಬರೆದದ್ದು ಎರಡೇ ಸಾಲೆಂದು ಆಮೇಲೆ ತಿಳಿಯಿತು: ನಮಗೆ ಈಜು ಬರುವುದಿಲ್ಲ. ಅಜ್ಜನ ಕಾಲದಿಂದ ದೋಣಿಯಲ್ಲೇ ದಾಟುತ್ತೇವೆ.

ದೋಣಿ ಅವರಿಗೆ ಹೋಯಿತು. ನಾವು ಸೀರೆಯ ಗಂಟು ಹೊತ್ತು ಅಲ್ಲಿಯವರೆಗೆ ನಡೆಯತೊಡಗಿದೆವು. ಅಲ್ಲಿಯ ಅಂಬಿಗ ಗೌಡರನ್ನು ಕಂಡಾಗಲೆಲ್ಲ "ಕುದುರಿ ಎಲ್ಲೈತ್ರಿ?" ಎಂದು ಕೇಳುತ್ತಿದ್ದ.

ನಮ್ಮ ಅಂಬಿಗನಿಗೆ ಊರಲ್ಲಿ ಕೆಲಸ ಉಳಿಯಲಿಲ್ಲ. ಬನಹಟ್ಟಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೆಂಡತಿ ಮಕ್ಕಳೊಂದಿಗೆ ಹೊರಟ ದಿನ ನಮ್ಮ ಬಾಗಿಲಿಗೆ ಬಂದ.

"ಅವ್ವಾರ, ಊರು ಬಿಡಾಕತ್ತೇನಿ. ಆ ಇತಿಹಾಸ ನನಗೂ ಒಮ್ಮೆ ಓದಿ ಹೇಳ್ರಿ."

ನನ್ನಲ್ಲಿದ್ದ ಪ್ರತಿಯನ್ನು ತಂದು ಓದಿದೆ. ಕಮಂಡಲ ಆಯಿತು, ಕುದುರೆ ಆಯಿತು, ಸೀರೆಯ ಗಂಟೂ ಆಯಿತು. ಅವನು ಇನ್ನೂ ಕಾಯುತ್ತಿದ್ದ. ನಾನು ತಲೆಯೆತ್ತದೆ ಹಾಳೆಯಲ್ಲಿಲ್ಲದ್ದನ್ನು ಓದಿದೆ: "ಈ ಎಲ್ಲ ಹಿರಿಯರನ್ನೂ ಅವರ ಮಕ್ಕಳು ಮರಿಗಳನ್ನೂ ಅಂಬಿಗರ ಮನೆತನದವರು ತಲೆತಲಾಂತರದಿಂದ ಜೋಪಾನವಾಗಿ ದಾಟಿಸಿದ್ದಾರೆ."

ಅವನ ಮುಖ ಅರಳಿತು. "ಎಲ್ಲೈತ್ರಿ ಅದು?" ಎಂದ. ಗೌಡರ ಕುದುರೆಯಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾಚಿಕೆಯಿಂದ ನಾನು ಹಿಡಿಯಷ್ಟಾದೆ.

"ನೀವು ಬರದೀರಿ, ಪುಣ್ಯಾ ಬರಲಿ," ಎಂದು ಕೈಮುಗಿದ. "ಈ ಸಾಲ ಆ ಸಾಹೇಬ್ರ ಓದಿಲ್ಲ ನೋಡ್ರಿ."

ಹೌದು, ಅವರೇ ಓದಲಿಲ್ಲ ಎಂದೆ.